ಬಳಿದ ಬಣ್ಣದ ಕೆಳಗಿನ ನೀರು

ನನಗೆ ಸಿಟ್ಟು ಬೇಗ ಬರುತ್ತದೆ. ಬೆಳಗಾವಿಯಲ್ಲಿ ನೀರಿನ ಹರಿವು ಅಳೆಯುವ ಮೀಟರ್‌ಗಳ ರಿಪೇರಿ ಅಂಗಡಿ ಇಟ್ಟುಕೊಂಡ ಹೆಂಗಸಿಗೆ ಅದಿಲ್ಲದೆ ನಡೆಯುವುದೂ ಇಲ್ಲ. ಹೀಗಾಗಿ ಖಾನಾಪುರ ತಾಲ್ಲೂಕಿನ ಒಂದು ಊರಿನಿಂದ ನೀರು ಸರಬರಾಜಿನ ಇಂಜಿನಿಯರ್ ಫೋನ್ ಮಾಡಿ, "ಮೇಡಂ, ಮೊದಲ ಒಬ್ರು ಬಂದು ಕೈ ಚೆಲ್ಲಿ ಹೋಗ್ಯಾರ, ಈ ಪೈಪಿಗೆ ಮೀಟರ್ ನಡಿಯೂದಿಲ್ಲ ಅಂದಾರ" ಎಂದಾಗ, ನನಗೇ ಯಾರೋ ಬೈದಂತಾಯಿತು. ಚಹಾ ಅರ್ಧಕ್ಕೇ ಬಿಟ್ಟು ಹೊರಟೆ.

ಗುಂಜಿ ರಸ್ತೆಯ ಊರು ಅದು. ಮಲಪ್ರಭೆಯಿಂದ ನೀರೆತ್ತಿ ಗುಡ್ಡದ ಮೇಲಿನ ಟಾಕಿಗೆ ಕಳಿಸಲು ದಂಡೆಯಲ್ಲೊಂದು ಪಂಪ್‌ಹೌಸ್. ಕೆಲವು ತಿಂಗಳಿಂದ ಟಾಕಿ ತುಂಬುತ್ತಿರಲಿಲ್ಲ. ಟಾಕಿಯ ಬುಡದಲ್ಲೇ ಇದ್ದ ಮೇಲಿನ ಓಣಿಯವರ ನಳಗಳು ಒಣಗಿದ್ದವು. ಪಂಪ್ ನೋಡಿಕೊಳ್ಳುವ ಹಿರಿಯರು ಟಾಕಿಗೆ ಪೂರ್ತಿ ನೀರು ಬಿಡುವುದೇ ಇಲ್ಲ, ಅವರನ್ನು ತೆಗೆಯಿರಿ ಎಂದು ಓಣಿಯವರು ಪಟ್ಟು ಹಿಡಿದಿದ್ದರು. ಪಂಪಿನಿಂದ ಎಷ್ಟು ನೀರು ಹೊರಡುತ್ತದೆ ಎಂದು ಅಳೆದು ತೋರಿಸಿದರೆ ಮಾತ್ರ ಆ ಹಿರಿಯರ ಕೆಲಸ ಉಳಿಯುತ್ತಿತ್ತು. ಇಂಜಿನಿಯರಿಗೂ ಅವರು ಉಳಿಯಲಿ ಎಂದೇ ಇತ್ತು.

ಪಂಪ್‌ಹೌಸಿಗೆ ಕಾಲಿಟ್ಟವಳು ಹಾಗೇ ನಿಂತೆ. ನೆಲದಲ್ಲಿ ಒಂದು ಕಸದ ಕಡ್ಡಿ ಇಲ್ಲ. ಪೈಪಿಗೆ ಬೆಳ್ಳಿ ಬಣ್ಣ, ಅದರ ಮೇಲೆ ಮೂರು ಬೆರಳಿನ ವಿಭೂತಿ, ಕುಂಕುಮ, ಒಂದು ದಾಸವಾಳ. ನಮ್ಮ ಕಡೆ ಎಷ್ಟೋ ಮದುಮಕ್ಕಳಿಗೆ ಇಷ್ಟು ಸಿಂಗಾರ ಆಗಿರುವುದಿಲ್ಲ.

"ವರ್ಷಾ ದಸರಾದಾಗ ಖಂಡೇಪೂಜಿಗೆ ಒಂದ ಕೋಟ್ ಹೊಡಿತೇನ್ರಿ ಬಾಯಾರ" ಎಂದರು ಹಿರಿಯರು, ಹೆಮ್ಮೆಯಿಂದ. "ಹಳೇದರ ಮ್ಯಾಲೇ ಹೊಡಿಬೇಕು. ಕೆರೀಬಾರದು. ಗಂಗವ್ವನ ಮೈ ಅದು."

ನನಗೆ ಆಗಲೇ ಅನುಮಾನ ಬಂತು. ನಮ್ಮ ಮೀಟರಿಗೆ ಪೈಪ್ ಕತ್ತರಿಸಬೇಕಾಗಿಲ್ಲ. ಎರಡು ಸಣ್ಣ ಸೆನ್ಸರ್‌ಗಳನ್ನು ಪೈಪಿನ ಹೊರಮೈಗೆ ಉಕ್ಕಿನ ಪಟ್ಟಿಯಿಂದ ಬಿಗಿಯುವುದು, ಅಷ್ಟೇ. ಒಂದು ಕಳಿಸಿದ ಸದ್ದು ಕಬ್ಬಿಣ ದಾಟಿ, ನೀರು ದಾಟಿ ಇನ್ನೊಂದಕ್ಕೆ ಮುಟ್ಟುತ್ತದೆ. ಅದು ನಮ್ಮ ಕಿವಿಗೆ ಕೇಳುವ ಸದ್ದಲ್ಲ. ಹರಿವಿನ ಜೊತೆ ಹೋಗುವ ಸದ್ದು ಬೇಗ ತಲುಪುತ್ತದೆ, ಎದುರು ಹೋಗುವುದು ತುಸು ತಡ. ಆ ಅಂತರದಿಂದ ನೀರಿನ ಲೆಕ್ಕ ಸಿಗುತ್ತದೆ. ಆದರೆ ಸದ್ದಿಗೆ ಕಬ್ಬಿಣ ಸಿಗಬೇಕಲ್ಲ? ಬಣ್ಣದ ಮೇಲೆಯೇ ಇಟ್ಟು ನೋಡಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ನನಗಿಂತ ಮೊದಲು ಬಂದವರು ಇಲ್ಲಿಗೇ ಕೈ ಚೆಲ್ಲಿದ್ದರು. ಪಂಪ್‌ಹೌಸಿನಲ್ಲಿ ಪೈಪ್ ನೇರವಾಗಿ ಸಾಕಷ್ಟು ಉದ್ದ ಇದ್ದ ಜಾಗವೂ ಅದೊಂದೇ. ಮುಂದೆ ಪೈಪ್ ನೆಲದೊಳಗೆ ಇಳಿಯುತ್ತಿತ್ತು.

"ಕಾಕಾ, ಬಣ್ಣ ಕೆರೀಬೇಕು" ಎಂದೆ.

ಅವರು ಬಂದು ಪೈಪಿಗೆ ಅಡ್ಡ ನಿಂತರು. "ಆಗೂದಿಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ನೀರು ಕಳಸೀರೋ ಇಲ್ಲೋ?"

"ಕಳಸೇನ್ರಿ! ಒಂದ ದಿನಾ ತಪ್ಪಿಸಿಲ್ಲ!"

"ಅದನ್ನ ಹೇಳಾಕ ಒಂದ ಸಾಕ್ಷಿ ಐತಿ, ಆ ಸಾಕ್ಷಿ ಬಾಯಿಗೆ ನೀವ ಬಣ್ಣಾ ಬಡದೀರಿ. ನಿಂದರ್ರಿ ಹಂಗ, ನಾಳೆ ನಿಮ್ಮ ಜಾಗಾದಾಗ ಬ್ಯಾರೆಯವರು ನಿಂದ್ರತಾರ."

ಅವರ ಮುಖ ಸಣ್ಣದಾಯಿತು. ಹೊರಗೆ ಹೋದರು. ಅತಿಯಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ನದಿಯಲ್ಲಿ ಕೈಕಾಲು ತೊಳೆದು ಬಂದರು. ಊದಿನಕಡ್ಡಿ ಹಚ್ಚಿದರು, ಕಾಯಿ ಒಡೆದರು, ಪೈಪಿಗೆ ಹಣೆ ಹಚ್ಚಿ ಏನೋ ಗುನುಗಿದರು. ಆಮೇಲೆ ನನ್ನತ್ತ ಕೈ ಚಾಚಿದರು. "ಕೆರಿಯೂದು ಕೊಡ್ರಿ ಇಲ್ಲೆ. ಬ್ಯಾರೆಯವರ ಕೈ ಬ್ಯಾಡ."

ಮೇಲ್ಭಾಗದಲ್ಲಿ ಗಾಳಿ ಕೂತಿರುತ್ತದೆ, ತಳದಲ್ಲಿ ರಾಡಿ. ಅದಕ್ಕೆ ಪೈಪಿನ ಮಗ್ಗುಲಲ್ಲಿ ಅಂಗೈಯಗಲದ ಎರಡು ಗುರುತು ಹಾಕಿಕೊಟ್ಟೆ. ಅವರು ಕೆರೆದರು. ಬೆಳ್ಳಿ ಬಣ್ಣದ ಕೆಳಗೆ ನೀಲಿ, ನೀಲಿಯ ಕೆಳಗೆ ಹಸಿರು, ಮತ್ತೆ ಬೆಳ್ಳಿ. ಅವರ ದುಡಿಮೆಯ ವರ್ಷಗಳೆಲ್ಲ ಚಕ್ಕೆಯಾಗಿ ನೆಲಕ್ಕೆ ಬಿದ್ದವು. ನೋಡಲು ನನಗೂ ಸಂಕಟವಾಯಿತು. ಕೊನೆಗೆ ಕಬ್ಬಿಣ ಹೊಳೆಯಿತು. ಪಾಲಿಶ್ ಕಾಗದದಿಂದ ಉಜ್ಜಿ, ಸೆನ್ಸರ್‌ಗಳ ಹೊಟ್ಟೆಗೆ ಗ್ರೀಸ್ ಮೆತ್ತಿ, ಅಂತರ ಅಳೆದು ಪಟ್ಟಿ ಬಿಗಿದೆ.

ಪರದೆಯ ಮೇಲೆ ಅಂಕಿ ಮೂಡಿತು. ಒಮ್ಮೆ ತಡವರಿಸಿ, ಗಟ್ಟಿಯಾಗಿ ನಿಂತಿತು. ಇಂಜಿನಿಯರ್ ಪಂಪಿನ ಮೇಲಿನ ತಗಡಿನಲ್ಲಿ ಬರೆದಿದ್ದ, ಅದು ಎತ್ತಬೇಕಾದ ನೀರಿನ ಅಂಕಿ ಓದಿದರು. ಎರಡೂ ಹೆಚ್ಚುಕಡಿಮೆ ಒಂದೇ! ಕಾಕಾ ಕಳಿಸುತ್ತಿದ್ದ ನೀರಿನಲ್ಲಿ ಕೊರತೆಯೇ ಇರಲಿಲ್ಲ. ನಾನು "ಬಂತು!" ಎಂದು ಕಿರುಚಿದ್ದು ಆಚೆ ದಂಡೆಯ ಅಗಸರಿಗೂ ಕೇಳಿಸಿರಬೇಕು.

ಹಾಗಾದರೆ ನೀರು ಹೋಗುತ್ತಿದ್ದುದೆಲ್ಲಿ? ಟಾಕಿಯ ಬಳಿ ಪೈಪ್ ನೆಲದಿಂದ ಮೇಲೇಳುವಲ್ಲಿ ಮತ್ತೆ ಅಳೆದೆ. ಪಂಪ್‌ಹೌಸಿನ ಅಂಕಿಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ನಡುವಿನ ದಾರಿಯನ್ನು ಮೂವರೂ ನಡೆದೆವು. ಪೈಪ್ ನೆಲದಿಂದ ಹೊರಬಂದು ಹಳ್ಳ ದಾಟುವಲ್ಲಿ, ಮುಳ್ಳುಕಂಟಿಯ ಒಳಗೆ ಪೈಪಿನ ಬೆಸುಗೆ ಬಿರಿದಿತ್ತು. ಮೇಲಿನ ಓಣಿಯ ನೀರು ಸುಮ್ಮನೆ ಹಳ್ಳ ಸೇರಿ ತಿರುಗಿ ಮಲಪ್ರಭೆಗೆ ಹೋಗುತ್ತಿತ್ತು.

ಬೆಸುಗೆ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಲು ಹೋದೆ. ಟಾಕಿಯ ಬಳಿ ಪೂರ್ತಿ ಅಂಕಿ ನೋಡಿ, ಕುಣಿಯಬೇಕೆನಿಸುವ ಖುಷಿಯಲ್ಲಿ ಪಂಪ್‌ಹೌಸಿಗೆ ಇಳಿದು ಬಂದೆ. ಕಾಕಾ ನಡೆಯುತ್ತಿದ್ದ ಪಂಪಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಅವರ ಫೋನ್ ರಿಂಗಾಯಿತು. ಮೇಲಿನ ಓಣಿಯ ಹೆಂಗಸೊಬ್ಬಳು. ತಮ್ಮನ್ನು ತೆಗೆಯಿರೆಂದು ಎಲ್ಲರಿಗಿಂತ ಜೋರಾಗಿ ಕೂಗಾಡಿದವಳು ಇವಳೇ ಎಂದು ಕಾಕಾ ನನಗೆ ಹೇಳಿ, ಅಳುಕುತ್ತ ಸ್ಪೀಕರ್ ಹಾಕಿದರು.

"ಕಾಕಾ, ಟಾಕಿ ತುಂಬಿ ಚೆಲ್ಲಾಕತ್ತೈತ್ರಿ! ನಮ್ಮ ಅಂಗಳೆಲ್ಲಾ ನೀರಾತು! ಸಾಕ್ರಿ, ಪಂಪ್ ಬಂದ್ ಮಾಡ್ರಿ!"

ಅಷ್ಟು ಸ್ಪಷ್ಟವಾಗಿತ್ತು ಧ್ವನಿ, ಬಾಗಿಲ ಬಳಿ ನಿಂತ ನನಗೂ ಒಂದಕ್ಷರ ತಪ್ಪಿರಲಿಲ್ಲ. ಕಾಕಾ ಪಂಪ್ ನಿಲ್ಲಿಸುವ ಗುಂಡಿಯ ಕಡೆ ಒಂದು ಕೈ ಚಾಚಿ, ಫೋನನ್ನು ಕಿವಿಗೆ ಇನ್ನಷ್ಟು ಹತ್ತಿರ ತಂದರು.

"ಪಂಪಿನ ಸಪ್ಪಳದಾಗ ಕೇಳಸಲಿಲ್ಲ ಯವ್ವಾ. ಇನ್ನೊಮ್ಮೆ ಅನ್ನು."