ಕುಂಬಳದ ಹೂ ಹರಿದವಳು

ಮದುವೆಯಾಗಿ ತಿಕೋಟಾಕ್ಕೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ಬಚ್ಚಲ ನೀರು ಹರಿಯುವಲ್ಲಿ ಕುಂಬಳ ಹಬ್ಬಿಸಿದೆ. ಅದೇ ನನ್ನ ಮೊದಲ ಬೆಳೆ. ಹೂ ಬಿಟ್ಟರೂ ಕಾಯಿ ನಿಲ್ಲಲಿಲ್ಲ. ಮೇಲಾಗಿ ಎರಡು ದಿನದಿಂದ ಹೂಗಳೂ ಕಾಣೆಯಾಗತೊಡಗಿದವು. ಪಕ್ಕದ ಮನೆಯ ಮುದುಕಿಯ ಮೇಲೆ ನನಗೆ ಸಂಶಯ. ಮೂರನೆಯ ದಿನ ನಸುಕಿನಲ್ಲೇ ಎದ್ದು ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಅವಳು ಬಂದು ಹೂ ಹರಿದಳು. ಓಡಿಹೋಗಿ ಕೈ ಹಿಡಿದೆ.

“ಗಂಡು ಹೂ ಹರದು ಹೆಣ್ಣು ಹೂವಿಗೆ ಮುಟ್ಟಸಾಕತ್ತೇನಿ ಯವ್ವಾ. ಇಲ್ಲಂದ್ರ ಕಾಯಿ ಹ್ಯಾಂಗ ನಿಲ್ತಾವ?” ಎಂದಳು.

ನಂಬಲಿಲ್ಲ. ಆದರೂ ಕೈ ಬಿಟ್ಟೆ. ಅವಳು ಮುಟ್ಟಿಸಿದ ಹೆಣ್ಣು ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟಿ, ಎಂಟು ದಿನ ಕಾದೆ. ಆ ಕಾಯಿ ಮುಷ್ಟಿಯಷ್ಟಾಯಿತು.

“ಮೊದಲ ಯಾಕ ಹೇಳಲಿಲ್ರಿ, ಆಯಿ?” ಎಂದು ಕೇಳಿದೆ.

“ನನ್ನ ಕಂಡ್ರ ನೀ ಮಾರಿ ತಿರುವತಿದ್ದಿ” ಎಂದಳು.