ದಾಸವಾಳ ಹಾಕಿ ಮುಚ್ಚಿದ ಮಂಗ

ಮೊದಲು ಹಿಡಿದದ್ದು ಸೊಂಟ. ಬೆಟ್ಟದಲ್ಲಿ ದರಗು ಗುಡಿಸಿ, ಒಣಗಿದ ಎಲೆಯ ಆ ಹೊರೆ ಹೊತ್ತು ತಂದ ಮೇಲೆ ಸೊಂಟ ನೋಯುವುದು ಹೊಸತೇನಲ್ಲ. ಕಷಾಯ ಕುಡಿದು ಮಲಗಿದೆ. ಬೆಳಿಗ್ಗೆ ಮೈ ಸುಡುತ್ತಿತ್ತು. ತಲೆ ಎತ್ತಲಾಗಲಿಲ್ಲ. ಬಾಯಿ ಮುಕ್ಕಳಿಸಿ ಉಗುಳಿದರೆ ರಕ್ತ.

ಶೃಂಗೇರಿಯಲ್ಲಿ ಬ್ಲಡ್ ಟೆಸ್ಟ್ ಮಾಡಿಸಿದೆವು. ಪ್ಲೇಟ್‌ಲೆಟ್ ತೀರಾ ಇಳಿದಿದೆ ಎಂದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ರಿಪೋರ್ಟ್ ಬಂತು.

ಮಂಗನ ಕಾಯಿಲೆ.

"ಇದಕ್ಕೆ ಇಂಥದ್ದೇ ಔಷಧಿ ಅಂತಿಲ್ಲಮ್ಮ, ಕಾದು ನೋಡಬೇಕು," ಎಂದರು ಡಾಕ್ಟರು. "ಸತ್ತ ಮಂಗನ ಮೈಯಿಂದ ಉದುರಿದ ಉಣ್ಣಿ ಕಚ್ಚಿದ್ರೆ ಬರೋದು ಇದು. ನಿಮ್ಮ ಕಡೆ ಮಂಗ ಏನಾದ್ರೂ ಸತ್ತಿತ್ತಾ?"

"ಇಲ್ಲ ಸಾರ್. ಸತ್ತಿದ್ರೆ ಗಣೇಶ ಹೇಳ್ತಿದ್ದ."

ಎಷ್ಟು ಧೈರ್ಯವಾಗಿ ಹೇಳಿದೆ! ಗಣೇಶ ಹಳ್ಳದಾಚೆಯ ಮನೆಯವನು. ಚೀಲದ ಗೊಬ್ಬರ ಬೇಡ, ಕೊಟ್ಟಿಗೆ ಗೊಬ್ಬರದಲ್ಲೇ ಬೆಳೆಯೋಣ ಎಂದು ಅವನೂ ನಾವೂ ಒಟ್ಟಿಗೇ ತೀರ್ಮಾನಿಸಿದವರು. ದನದ ಕಾಲಡಿಗೆ ಹಾಸಲು ದರಗು ತರುವುದು ಇಬ್ಬರೂ ಒಂದೇ ಬೆಟ್ಟದಿಂದ. ಅವನು ಹೋಂಸ್ಟೇ ಮಾಡಿ 'ಸರಳ ಬದುಕು' ಎಂದು ಬೋರ್ಡ್ ಹಾಕಿದ ಮೇಲಂತೂ ಬಂದವರನ್ನೆಲ್ಲ ನಮ್ಮ ಕೊಟ್ಟಿಗೆಗೆ ಕರೆತಂದು, "ಪ್ರಕೃತಿ ಜೊತೆ ಬದುಕೋದು ಹೇಗೆ ಅಂತ ನಮ್ಮಕ್ಕನ್ನ ನೋಡಿ ಕಲೀಬೇಕು," ಎನ್ನುತ್ತಿದ್ದ. ನಾನೂ ಉಬ್ಬಿಹೋಗುತ್ತಿದ್ದೆ, ಸುಳ್ಳೇಕೆ.

ಮಂಪರಿನಲ್ಲಿ ನನ್ನ ಸಿಟ್ಟೆಲ್ಲ ಕಾಡಿನ ಮೇಲೆ. ಒಂದು ಹಸಿ ಟೊಂಗೆ ಕಡಿದವಳಲ್ಲ, ಉದುರಿದ್ದನ್ನಷ್ಟೇ ಗುಡಿಸಿ ತಂದವಳು. ಅಂಥವಳ ಮೈಗೇ ರಕ್ತ ಹೀರುವ ಉಣುಗು ಹತ್ತಿಸಿ ಕಳಿಸಿತಲ್ಲ ಎಂದು ಗೋಡೆ ಕಡೆ ತಿರುಗಿ ಅಳುತ್ತಿದ್ದೆ. ನಮ್ಮನೆಯವರು ಪಕ್ಕದಲ್ಲಿ ಕೂತು ಕಾಲು ಒತ್ತುತ್ತಿದ್ದರು.

ಜ್ವರ ಇಳಿಯುವ ಹೊತ್ತಿಗೆ ಗಣೇಶನ ಹೆಂಡತಿ ಸುಮನ ನೋಡಲು ಬಂದಳು. ನನ್ನ ಕೈ ಹಿಡಿದವಳೇ ಅಳಲು ಶುರುಮಾಡಿದಳು.

"ಅಕ್ಕಾ, ದಾಸವಾಳ ಕೊಯ್ದು ಕೊಟ್ಟಿದ್ದು ನಾನೇ."

"ಎಂತ ದಾಸವಾಳ ಮಾರಾಯ್ತಿ?"

"ಮಂಗಕ್ಕೆ."

ಬೆಟ್ಟಕ್ಕೆ ಹೋಗುವ ದಾರಿಯಲ್ಲೇ ಸತ್ತು ಬಿದ್ದಿತ್ತಂತೆ. ಮಂಗ ಸತ್ತರೆ ನಮ್ಮಲ್ಲಿ ಹನುಮಂತನೆಂದೇ ಕುಂಕುಮ, ಹೂವು ಹಾಕಿ ಮಣ್ಣು ಮಾಡುತ್ತೇವೆ. ಗಣೇಶ ಅದನ್ನೆಲ್ಲ ಭಕ್ತಿಯಿಂದಲೇ ಮಾಡಿದ್ದಾನೆ. ಆರೋಗ್ಯ ಇಲಾಖೆಗೆ ಫೋನ್ ಮಾತ್ರ ಮಾಡಲಿಲ್ಲ. ಮಾಡಿದರೆ ಉಣುಗು ಸಾಯಲೆಂದು ಪೌಡರ್ ಹೊಡೆಯುತ್ತಾರೆ, ಕಾಡಿಗೆ ಹೋಗಬೇಡಿ ಎನ್ನುತ್ತಾರೆ, ರೂಮ್ ಬುಕ್ ಮಾಡಿದವರು ಬರುವುದಿಲ್ಲ. ಗುಂಡಿಯ ಮೇಲೆ ದರಗು ಎಳೆದು ಬಂದುಬಿಟ್ಟ.

ಆ ದರಗನ್ನೇ ನಾನು ಗುಡಿಸಿದ್ದು.

"ನಂಗೊಂದು ಮಾತು ಹೇಳಕ್ಕೆ ಅವನಿಗೇನಾಗಿತ್ತೇ? ಅವನ ಗೆಸ್ಟುಗಳಿಗೇನೂ ಆಗ್ಲಿಲ್ವಾ?"

ಸುಮನ ತಲೆ ತಗ್ಗಿಸಿದಳು. "ಅವರನ್ನ ಆ ವಾರ ಫಾಲ್ಸ್ ಕಡೆ ಕರ್ಕೊಂಡು ಹೋಗಿದ್ರು ಅಕ್ಕ. ಬೆಟ್ಟಕ್ಕೆ ಬೇಡ ಅಂತ."

ಅಂದರೆ ಅವನಿಗೆ ಗೊತ್ತಿತ್ತು.

ಆ ಮಾತಿನಷ್ಟು ಜ್ವರವೂ ನನ್ನನ್ನು ಸುಡಲಿಲ್ಲ.

ಮನೆಗೆ ಬಂದೆ. ಕೂದಲು ಉದುರುತ್ತಿದೆ, ಹಾಲು ಕರೆಯಲು ಕೂತರೆ ಕೈ ನಡುಗುತ್ತದೆ, ಇವರೇ ಕರೆಯುತ್ತಾರೆ. ಒಂದು ಸಂಜೆ ಗಣೇಶ ಬಂದು ಅಂಗಳದಲ್ಲೇ ನಿಂತ.

"ತಪ್ಪಾಯ್ತು ಅಕ್ಕ. ಇನ್ಮೇಲೆ ನಿಮ್ಮ ಕೊಟ್ಟಿಗೆಗೆ ದರಗು ನಾನೇ ತಂದು ಹಾಕ್ತೇನೆ."

"ದರಗು ಬೇಡ ಮಾರಾಯ. ಆವತ್ತು ಒಂದು ಫೋನ್ ಮಾಡಿದ್ರೆ ಸಾಕಿತ್ತು."

ಒಳಗೆ ಬಾ ಎನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಸರಳವಾಗಿ ಬದುಕುವುದೆಂದರೆ ಗೊಬ್ಬರದ ಚೀಲ ಮನೆಗೆ ತರದಿರುವುದು ಎಂದುಕೊಂಡಿದ್ದೆ. ಕಂಡದ್ದನ್ನು ಪಕ್ಕದ ಮನೆಗೆ ಹೇಳುವುದೂ ಅದರಲ್ಲೇ ಸೇರಿದೆ ಎಂದು ಈ ಕಾಯಿಲೆ ಬಂದ ಮೇಲೆ ಅನಿಸಿತು. ಕಾಡಿನ ಮೇಲೆ ಈಗ ಸಿಟ್ಟಿಲ್ಲ. ಅದು ಸತ್ತ ಮಂಗನನ್ನು ಎಲ್ಲರೂ ಓಡಾಡುವ ದಾರಿಯ ನಡುವೆಯೇ ಇಟ್ಟಿತ್ತು. ಮುಚ್ಚಿಟ್ಟವನು ಮನುಷ್ಯ.

ಮೊನ್ನೆ ಮಂಗಗಳು ಬಾಳೆಗೊನೆಗೆ ಬಂದವು. ಇವರು ಕಲ್ಲು ಹೆಕ್ಕಿಕೊಂಡರು. ಮೊದಲಾದರೆ ಇವರಿಗಿಂತ ಮುಂಚೆ ನಾನೇ ಬೊಬ್ಬೆ ಹೊಡೆಯುತ್ತಿದ್ದೆ.

"ತಿನ್ನಲಿ ಬಿಡಿ," ಎಂದೆ. "ಜೀವಂತ ಇದಾವಲ್ಲ."