ಬ್ರೆಡ್ ಅಂಗಡಿಯ ಬಿಲ್ಲೆ ಹುಡುಕುವ ತಾಮ್ರದಕ್ಕ

ಬೆಳಗಿನ ಆರು ಗಂಟೆ. ಗುಜರಿ ಅಂಗಡಿಯ ಹಿಂಬದಿಯ ಶೆಡ್ಡಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತ ಹೆಂಗಸಿನ ಕೈ ತಾಮ್ರದ ರಾಶಿಯಲ್ಲಿ ಸರಸರ ಓಡಾಡುತ್ತಿದೆ. ವೈರು ಒಂದು ಕಡೆ, ಪೈಪು ಇನ್ನೊಂದು ಕಡೆ. ಒಂಬತ್ತಕ್ಕೆ ಕುಲುಮೆಯ ಲಾರಿ ಬರುತ್ತದೆ. ಅಷ್ಟರೊಳಗೆ ಕಣ್ಣಿಗೆ ಬೀಳದ್ದು ಕರಗಿ ಹೋಗುತ್ತದೆ.

ಬೀದಿಗೆಲ್ಲ ಇವರು ‘ತಾಮ್ರದಕ್ಕ’. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ನಲವತ್ತು ಕಿಲೋ ವಿಂಗಡಿಸುತ್ತಾರೆ. ಅದರಲ್ಲಿ ತಿಂಗಳಿಗೊಂದು ಹಳೆಯ ಬಿಲ್ಲೆ ಸಿಕ್ಕರೆ ಹೆಚ್ಚು. ವಸಾಹತು ಕಾಲದಲ್ಲಿ ಚಿಲ್ಲರೆಗೆ ತತ್ವಾರವಾದಾಗ ಅಂಗಡಿಯವರೇ ಅಚ್ಚು ಹಾಕಿಸಿಕೊಂಡು ಚಲಾಯಿಸಿದ ಬಿಲ್ಲೆಗಳಿವು. ಅಳತೆ, ತೂಕ ಸರ್ಕಾರಿ ನಾಣ್ಯದ್ದೇ. ರಾಣಿಯ ಮುಖ ಮಾತ್ರ ಅಚ್ಚು ಕೊರೆದವನ ಕೈಗೆ ಬಂದಂತೆ.

“ಇದರಲ್ಲಿ ನೋಡಿ, ರಾಣಿಗೆ ಹಲ್ಲುನೋವು ಬಂದ ಹಾಗಿದೆ” ಎಂದು ಅಕ್ಕ ನಗುತ್ತಾರೆ.

ಸಿಕ್ಕಿದ ಬಿಲ್ಲೆಯನ್ನು ಸುಮ್ಮನೆ ಸೆರಗಿಗೆ ಕಟ್ಟಿಕೊಳ್ಳುವುದಿಲ್ಲ. ಅಷ್ಟೇ ತೂಕದ ತಾಮ್ರವನ್ನು ಮನೆಯಿಂದ ತಂದು ರಾಶಿಗೆ ಹಾಕುತ್ತಾರೆ. ಹೀಗೆ ಮನೆಯ ಎರಡು ಚೆಂಬು, ಒಂದು ಹಂಡೆಯ ಮುಚ್ಚಳ ಖರ್ಚಾಗಿವೆ! ನಾಣ್ಯ ಸಂಗ್ರಹಿಸುವ ದೊಡ್ಡವರು ಇವನ್ನು ನಕಲಿ ಎಂದು ಮೂಗು ಮುರಿಯುತ್ತಾರೆ. ಅಕ್ಕ ಅದಕ್ಕೆ ಸೊಪ್ಪು ಹಾಕುವುದಿಲ್ಲ.

ಇವರ ಯಜಮಾನರು ಪಾತ್ರೆಗೆ ಪಾಲಿಶ್ ಹಾಕುವವರು. ಹೋದ ವರ್ಷ ಅಕ್ಕ ಹತ್ತು ದಿನ ಆಸ್ಪತ್ರೆಯಲ್ಲಿದ್ದಾಗ, ಅವರು ಹೆಂಡತಿಗೆ ಅಚ್ಚುಮೆಚ್ಚಿನ ಬಿಲ್ಲೆಯನ್ನು ಪಾಲಿಶ್ ಚಕ್ರಕ್ಕೆ ಹಿಡಿದುಬಿಟ್ಟರು. ಬ್ರೆಡ್ ಅಂಗಡಿಯೊಂದರ ಬಿಲ್ಲೆ ಅದು. ಅಂಥದ್ದು ಇದ್ದದ್ದೇ ಒಂದು. ರಾಣಿಯೂ ಹೋದಳು, ಬ್ರೆಡ್ಡಿನ ಚಿತ್ರವೂ ಹೋಯಿತು. ಉಳಿದದ್ದು ಫಳಫಳ ಹೊಳೆಯುವ ತಾಮ್ರದ ಚೂರು.

“ಇವಳು ಮನೆಗೆ ಬರೋ ಹೊತ್ತಿಗೆ ಹೊಳೀತಿರಲಿ ಅಂತ ಮಾಡಿದೆ. ನನಗೆ ಬರೋದು ಅದೊಂದೇ ಕೆಲಸ” ಎನ್ನುವಾಗ ಆ ಹಿರಿಯರ ತಲೆ ತಾನಾಗಿ ತಗ್ಗುತ್ತದೆ.

“ಮೂರು ದಿನ ಮಾತು ಬಿಟ್ಟೆ” ಎನ್ನುತ್ತಾರೆ ಅಕ್ಕ. “ಆಮೇಲೆ ನೋಡಿದ್ರೆ ಇವರು ಊಟಾನೇ ಬಿಟ್ಟಿದ್ರು.”

ಅಂದಿನಿಂದ ಅವರು ಯಾವ ಬಿಲ್ಲೆಯನ್ನೂ ಮುಟ್ಟಿಲ್ಲ. ಅಕ್ಕ ಬಿಲ್ಲೆಗಳ ಡಬ್ಬಿ ತೆರೆದರೆ ಸಾಕು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಲ್ಲುತ್ತಾರೆ. ಅಕ್ಕ ಮಾತ್ರ ದಿನಾ ಒಂದು ಗಂಟೆ ಮುಂಚೆ ಶೆಡ್ಡಿಗೆ ಬಂದು, ಬ್ರೆಡ್ ಅಂಗಡಿಯ ಇನ್ನೊಂದು ಬಿಲ್ಲೆ ಹುಡುಕುತ್ತಾರೆ. ಇಂದೂ ಸಿಕ್ಕಿಲ್ಲ. ಲಾರಿಯ ಹಾರನ್ ಕೇಳುತ್ತದೆ.

ಇನ್ನೂರು ಬಿಲ್ಲೆ ಇವೆಯಲ್ಲ, ಇದೊಂದಕ್ಕೇ ಯಾಕಿಷ್ಟು ಹಟ ಎಂದು ನಾನು ಕೇಳಿದರೆ, ಕೈಯ ಧೂಳು ಕೊಡವಿಕೊಂಡು ಏಳುತ್ತಾರೆ.

“ನನಗೋಸ್ಕರ ಅಲ್ಲ ಕಣಪ್ಪ. ಸಿಕ್ಕಿದ ದಿನ ನೇರ ತಗೊಂಡ್ಹೋಗಿ ಇವರ ಕೈಯಲ್ಲೇ ಇಡಬೇಕು.”